ದುಡಿಯುವವರ ಪಟ್ಟಿಯಲ್ಲಿ ಅಮ್ಮ ಏಕಿಲ್ಲ?



ಮಳೆಗಾಲ ಇನ್ನೇನು ಆರಂಭವಾಗಬೇಕು ಎನ್ನುವ ಒಂದು ಸಂಜೆ ಕೆಮ್ಮಣ್ಣಿನಲ್ಲಿರುವ ನನ್ನ ಬಂಧುಗಳ ಮನೆಗೆ ಹೋಗಿದ್ದೆ. ಸಂತೆಕಟ್ಟೆಯಲ್ಲಿ ಹೆದ್ದಾರಿಯನ್ನು ಬಿಟ್ಟು, ಕಲ್ಯಾಣಪುರ, ನೇಜಾರುಗಳನ್ನು ದಾಟಿ ಬರುವ ಆ ದಾರಿಯನ್ನು ಬಲ್ಲವರಿಗೆ ಊರಿನ ಚಿತ್ರವನ್ನು ನಾನು ಬಣ್ಣಿಸಬೇಕಾಗಿಲ್ಲ. ಸ್ವರ್ಣಾ ನದಿ, ನದಿಯ ನಡುವಿನ ಕುದ್ರುಗಳು, ತೂಗುಸೇತುವೆ, ತೆಂಗಿನ ತೋಟಗಳು. ಮುಂದೆ ಹೂಡೆ, ಬೆಂಗ್ರೆ, ಆಮೇಲೆ ಕಡಲು. ನೆರೆಮನೆಯ ಜಗಲಿಯಲ್ಲಿ ಒಬ್ಬ ಹುಡುಗಿ ಶಾಲೆಯ ಅರ್ಜಿಯೊಂದನ್ನು ತುಂಬಿಸುತ್ತಾ ಕುಳಿತಿದ್ದಳು. ತಂದೆಯ ಉದ್ಯೋಗ ಎಂದು ಅಚ್ಚಾಗಿದ್ದಲ್ಲಿ ಆಕೆ ತಡವರಿಸದೆ 'ಕುವೈತ್' ಎಂದು ಬರೆದಿದ್ದಳು. (ನಮ್ಮ ಕರಾವಳಿಯಲ್ಲಿ ಒಂದು ದೇಶವೇ ಒಂದು ಉದ್ಯೋಗವಾಗಿ ಎಷ್ಟೋ ವರ್ಷಗಳಾದವು, ಅದನ್ನು ತಿದ್ದಲು ನಾನು ಹೋಗಲಿಲ್ಲ.) ಅದರ ಕೆಳಗಿನ ಸಾಲು ತಾಯಿಯ ಉದ್ಯೋಗ. ಅಲ್ಲಿ ಆಕೆಯ ಪೆನ್ನು ನಿಂತಿತು.

"ಮಮ್ಮಿ, ನಿನ್ನ ಕೆಲಸ ಏನೆಂದು ಬರೆಯಲಿ?" ಎಂದು ಅಂಗಳದತ್ತ ಕೂಗಿದಳು.

ತಾಯಿ ಆ ಹೊತ್ತಿಗೆ, ಬಿಸಿಲಿನಲ್ಲಿ ಒಣಗಿಸಿದ್ದ ಕಟ್ಟಿಗೆಯನ್ನೂ ತೆಂಗಿನ ಮಡಲುಗಳನ್ನೂ ಮಳೆ ಬೀಳುವ ಮುನ್ನ ಕೊಟ್ಟಿಗೆಗೆ ಹೊತ್ತು ಹಾಕುತ್ತಿದ್ದರು. ತಲೆಯ ಮೇಲಿನ ಹೊರೆಯನ್ನು ಇಳಿಸದೆಯೇ ಉತ್ತರ ಕೊಟ್ಟರು: "ಏನೂ ಇಲ್ಲವೆಂದು ಬರೆ."

ಹುಡುಗಿ 'ಇಲ್ಲ' ಎಂದು ಬರೆದಳು.

ಈ ಎರಡಕ್ಷರದ ಪದದ ಕುರಿತು ನಿಮ್ಮೊಡನೆ ಜಗಳವಾಡಲು ಈ ಲೇಖನವನ್ನು ಬರೆಯುತ್ತಿದ್ದೇನೆ. ಜಗಳ ಆ ಹುಡುಗಿಯೊಡನೆ ಅಲ್ಲ, ಆಕೆಯ ತಾಯಿಯೊಡನೆ ಮೊದಲೇ ಅಲ್ಲ. ಅವರ ಬಾಯಿಗೆ ಆ ಉತ್ತರವನ್ನು ಇಟ್ಟವರೊಡನೆ. ಅವರಲ್ಲಿ ನಾನೂ ಒಬ್ಬನೆಂಬುದನ್ನು ಮುಂದೆ ಹೇಳುತ್ತೇನೆ.

ಇಂಗ್ಲಿಷಿನಲ್ಲಿ 'ವರ್ಕ್‌ಫೋರ್ಸ್' ಎಂಬ ಒಂದು ಪದವಿದೆ. ನಮ್ಮ ಪತ್ರಿಕೆಗಳು ಅದನ್ನು ದುಡಿಯುವ ಪಡೆ, ಕಾರ್ಮಿಕ ಬಲ, ಶ್ರಮಶಕ್ತಿ ಎಂದೆಲ್ಲ ಕನ್ನಡಿಸುತ್ತವೆ. ಪಡೆ ಎಂದರೆ ಸೈನ್ಯ. ಬಲ, ಶಕ್ತಿ ಎಂದರೆ ಎತ್ತಿಗೂ ವಿದ್ಯುತ್ತಿಗೂ ಹರಿಯುವ ನೀರಿಗೂ ಇರುವಂಥದ್ದು. ಮನುಷ್ಯನ ಮುಖ ಈ ಮೂರು ಪದಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಇದು ನನ್ನೊಬ್ಬನ ಕೊಂಕು ಎಂದುಕೊಳ್ಳಬೇಡಿ. ಜಗದ್ಗುರು ಎರಡನೆಯ ಜಾನ್ ಪಾಲರು 1981ರ ಸೆಪ್ಟೆಂಬರ್ 14ರಂದು ಹೊರಡಿಸಿದ 'ಲಾಬೊರೆಮ್ ಎಕ್ಸೆರ್ಚೆನ್ಸ್' ಎಂಬ ವಿಶ್ವಪತ್ರದಲ್ಲಿ ಇದೇ ಪದವನ್ನು ಹೆಸರಿಟ್ಟು ಎತ್ತಿಕೊಂಡಿದ್ದಾರೆ. ದುಡಿಮೆಯನ್ನು ಮಾರಾಟದ ಸರಕೆಂದೋ, ಉತ್ಪಾದನೆಗೆ ಬೇಕಾದ ಹೆಸರಿಲ್ಲದ ಒಂದು ಶಕ್ತಿಯೆಂದೋ ಕಾಣುವ ಮನೋಭಾವವನ್ನು ಅವರು ಅಲ್ಲಿ ಖಂಡಿಸುತ್ತಾರೆ. ಆ ಮನೋಭಾವಕ್ಕೆ ಗುರುತಾಗಿ, ಈ ಮಾತು ಎಲ್ಲರ ಬಾಯಲ್ಲೂ ಓಡಾಡುತ್ತಿದೆಯಲ್ಲ ಎಂದು ಕಂಸದೊಳಗೆ ನೆನಪಿಸುತ್ತಾರೆ. ಅವರು ಪುಸ್ತಕ ಓದಿ ಮಾತ್ರ ಬರೆದವರಲ್ಲ. ಯೌವನದಲ್ಲಿ, ಯುದ್ಧಕಾಲದ ಕ್ರಾಕೋವಿನಲ್ಲಿ, ಕಲ್ಲುಕೋರೆಯಲ್ಲಿ ಕಲ್ಲೊಡೆದವರು, ಸೋಲ್ವೇ ರಾಸಾಯನಿಕ ಕಾರ್ಖಾನೆಯಲ್ಲಿ ಕೂಲಿ ಮಾಡಿದವರು. ಕೆಲಸದಿಂದ ಹೊರಬರುವ ವಸ್ತುವಿಗಿಂತ ಕೆಲಸ ಮಾಡುವ ವ್ಯಕ್ತಿ ದೊಡ್ಡವನು, ಮನುಷ್ಯನಿಗಾಗಿ ಕೆಲಸವೇ ಹೊರತು ಕೆಲಸಕ್ಕಾಗಿ ಮನುಷ್ಯನಲ್ಲ ಎಂಬುದು ಆ ಪತ್ರದ ತಿರುಳು.

ನಾನು ಸೆಮಿನರಿಯಲ್ಲಿದ್ದಾಗ ಇದನ್ನು ಕಾರ್ಖಾನೆಯ ಗಂಡಸಿನ ವಿಷಯವೆಂದೇ ಓದಿದೆ, ಪರೀಕ್ಷೆಯಲ್ಲಿ ಹಾಗೆಯೇ ಬರೆದೆ. ಅದೇ ಪತ್ರದ ಹತ್ತೊಂಬತ್ತನೆಯ ವಿಭಾಗದಲ್ಲಿ, ತಾಯಿಯಾದವಳ ಶ್ರಮವನ್ನು ಸಮಾಜವು ಹೊಸದಾಗಿ ಬೆಲೆಗಟ್ಟಬೇಕು, ಆ ಶ್ರಮಕ್ಕಾಗಿ ಆಕೆಯನ್ನು ಕೀಳಾಗಿ ಕಾಣಬಾರದು ಎಂಬ ಮಾತಿದೆ. ಅದು ನನ್ನ ಕಣ್ಣಿಗೆ ಬೀಳಲು ಬಹಳ ವರ್ಷಗಳು ಬೇಕಾದವು.

ಈಗ ಸರಕಾರದ ಲೆಕ್ಕದ ಪುಸ್ತಕವನ್ನು ತೆರೆಯೋಣ. 2017ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆ ನಡೆಯುತ್ತಿದೆ. ಮನೆಮನೆಗೆ ಬರುವ ಗಣಕರು ಪ್ರತಿಯೊಬ್ಬರಿಗೂ ಒಂದೊಂದು ಸಂಕೇತ ಸಂಖ್ಯೆ ಕೊಡುತ್ತಾರೆ. ಕೆಲಸದಲ್ಲಿರುವವರು ದುಡಿಯುವ ಪಡೆ. ಅವರ ಜೊತೆಗೆ, ಕೆಲಸವಿಲ್ಲದಿದ್ದರೂ ಕೆಲಸ ಹುಡುಕುತ್ತಿರುವವರನ್ನು ಸೇರಿಸಿದರೆ ಅದು ಶ್ರಮಶಕ್ತಿ. ಉಳಿದವರು ಅದರ ಹೊರಗೆ. ಹೊರಗಿರುವವರ ಸಾಲಿನಲ್ಲಿ 91 ವಿದ್ಯಾರ್ಥಿಗಳು. 92 ಬರಿಯ ಮನೆಗೆಲಸ ಮಾಡುವವರು. 93 ಮನೆಗೆಲಸದೊಂದಿಗೆ ಮನೆಯ ಬಳಕೆಗಾಗಿ ಕಟ್ಟಿಗೆ, ಸೊಪ್ಪು, ಮೇವು ತರುವವರು, ಹೊಲಿಯುವವರು, ನೇಯುವವರು. 94 ಬಾಡಿಗೆಯಿಂದ, ಪಿಂಚಣಿಯಿಂದ, ಹೊರಗಿನಿಂದ ಬರುವ ಹಣದಿಂದ ಬದುಕುವವರು. 95 ಅಂಗವೈಕಲ್ಯದಿಂದ ದುಡಿಯಲಾಗದವರು. 97 ಇತರರು, ಭಿಕ್ಷುಕರು ಇದರೊಳಗೆ ಬರುತ್ತಾರೆ.

ಕಟ್ಟಿಗೆ ಹೊತ್ತ ಆ ಕೆಮ್ಮಣ್ಣಿನ ತಾಯಿ 93. ಅವರಿಗೆ ಕಾಲೇಜು ಮುಗಿಸಿದ ಮಗನೊಬ್ಬನಿದ್ದು, ಆತ ಎರಡು ಕಡೆ ಅರ್ಜಿ ಹಾಕಿ, ಉಳಿದ ಸಮಯವನ್ನು ಸಂತೆಕಟ್ಟೆಯ ಅಂಗಡಿಯ ಮುಂದೆ ಮೊಬೈಲು ನೋಡುತ್ತಾ ಕಳೆಯುತ್ತಾನೆಂದು ಇಟ್ಟುಕೊಳ್ಳಿ. ಆತ ಶ್ರಮಶಕ್ತಿಯ ಒಳಗೆ. ಬೆಳಗ್ಗೆ ಐದು ಗಂಟೆಗೆ ಮೊದಲೇ ಎದ್ದು ಆತನ ಬಟ್ಟೆಯನ್ನು ಒಗೆದವಳು ಶ್ರಮಶಕ್ತಿಯ ಹೊರಗೆ. ಮತ್ತಾಯನ ಶುಭಸಂದೇಶದಲ್ಲಿ ಸಂಜೆಯವರೆಗೂ ಪೇಟೆಯಲ್ಲಿ ನಿಂತು, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದ ಆಳುಗಳನ್ನು ನೆನೆಸಿಕೊಳ್ಳಿ. ಇಂದಿನ ಲೆಕ್ಕದಲ್ಲಿ ಅವರಿಗೂ ಜಾಗವಿದೆ, ಇರಲೇಬೇಕು. ಅವರು ಮನೆಗೆ ಮರಳಿದಾಗ ರೊಟ್ಟಿ ಸುಟ್ಟಿಟ್ಟವಳಿಗೆ ಮಾತ್ರ ಜಾಗವಿಲ್ಲ.

ಜನಗಣತಿಯಲ್ಲಿ ಈ ಗೆರೆಯ ಹುಚ್ಚಾಟ ಇನ್ನೂ ಚೆನ್ನಾಗಿ ತೋರುತ್ತದೆ. ಮಹಿಳೆಯರ ಕೆಲಸ ಲೆಕ್ಕದಿಂದ ತಪ್ಪಿಹೋಗುತ್ತಿದೆ ಎಂಬ ದೂರು ಬಂದುದರಿಂದ, 1991ರಲ್ಲಿ ಹೊಲದಲ್ಲಿಯೂ ಮನೆಯ ವ್ಯಾಪಾರದಲ್ಲಿಯೂ ಸಂಬಳವಿಲ್ಲದೆ ದುಡಿಯುವುದನ್ನು ಕೆಲಸವೆಂದು ಪ್ರಶ್ನೆಯಲ್ಲಿಯೇ ಸೇರಿಸಿದರು. 2001ರಲ್ಲಿ ಮನೆಯ ಬಳಕೆಗಾಗಿ ಮಾತ್ರ ಹಾಲಿನ ಉತ್ಪಾದನೆ ಮಾಡುವುದನ್ನೂ ಕೆಲಸವೆಂದು ಒಪ್ಪಿಕೊಂಡರು. ಒಳ್ಳೆಯದೇ. ಆದರೆ ಪರಿಣಾಮವನ್ನು ನೋಡಿ: ಮುಂಜಾನೆ ಕೊಟ್ಟಿಗೆಯಲ್ಲಿ ಕುಳಿತು ಹಾಲು ಕರೆದರೆ ಆಕೆ ದುಡಿಯುವವಳು. ಅದೇ ಹಾಲನ್ನು ಒಳಗೆ ತಂದು, ಒಲೆಯ ಮೇಲಿಟ್ಟು, ಕಾಯಿಸಿ, ಆರಿಸಿ, ಜ್ವರದಲ್ಲಿ ಮಲಗಿದ ಅತ್ತೆಗೆ ಕುಡಿಸಿದರೆ ದುಡಿಯದವಳು. ಕೊಟ್ಟಿಗೆಗೂ ಅಡುಗೆಮನೆಗೂ ನಡುವೆ ಇರುವ ಹತ್ತು ಹೆಜ್ಜೆಗಳಲ್ಲಿ ಕೆಲಸವು ಎಲ್ಲಿ ಬಿದ್ದುಹೋಯಿತು?

ಬೀಡಿಯ ಕತೆಯನ್ನು ತೆಗೆದುಕೊಳ್ಳಿ. ನಮ್ಮ ಜಿಲ್ಲೆಗಳ ಎಷ್ಟು ಮನೆಗಳು ಬೀಡಿಯಿಂದ ನಿಂತವು, ಎಷ್ಟು ಮಕ್ಕಳ ಶಾಲೆಯ ಫೀಸು ಬೀಡಿಯಿಂದ ಬಂತು ಎಂಬುದನ್ನು ಓದುಗರಲ್ಲಿ ಹಲವರು ನನಗಿಂತ ಚೆನ್ನಾಗಿ ಬಲ್ಲರು. ತಂಬಾಕಿನ ಕೆಡುಕು ಬೇರೆ ಮಾತು, ಅದನ್ನು ಇನ್ನೊಮ್ಮೆ ಬರೆಯಬಹುದು. ಎಲೆಯನ್ನು ನೀರಿನಲ್ಲಿ ನೆನೆಸಿ, ಕತ್ತರಿಯಿಂದ ಅಳತೆಗೆ ಕತ್ತರಿಸಿ, ತೊಡೆಯ ಮೇಲಿನ ತಡ್ಪೆಯಲ್ಲಿ ಹೊಗೆಸೊಪ್ಪಿನ ಪುಡಿಯನ್ನಿಟ್ಟುಕೊಂಡು, ಸುರುಳಿ ಸುತ್ತಿ, ನೂಲು ಕಟ್ಟಿ, ಸಾವಿರದ ಲೆಕ್ಕದಲ್ಲಿ ಬೀಡಿ ಬ್ರಾಂಚಿಗೆ ಕೊಂಡುಹೋಗುತ್ತಿದ್ದರು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳು ನೌಕರಳೇ? ಆಕೆಗೆ ಹೊತ್ತುಗೊತ್ತಿಲ್ಲ, ಮೇಲ್ವಿಚಾರಕನಿಲ್ಲ, ನಡುವೆ ಎದ್ದು ಅನ್ನ ಬಸಿಯುತ್ತಾಳೆ, ಆದ್ದರಿಂದ ಆಕೆ ನಮ್ಮ ನೌಕರಳಲ್ಲ ಎಂಬುದು ಮಾಲಿಕರ ವಾದವಾಗಿತ್ತು. ಮಾಲಿಕನಿಂದಲೋ ಗುತ್ತಿಗೆದಾರನಿಂದಲೋ ಕಚ್ಚಾ ಸಾಮಗ್ರಿ ಪಡೆದು ಮನೆಯಲ್ಲಿ ಬೀಡಿ ಕಟ್ಟುವವರೂ ನೌಕರರೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಸಾರಿತು. ಆ ಕಾಯಿದೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಮೊಕದ್ದಮೆಯ ಹೆಸರೇ ನಮ್ಮ ಮಂಗಳೂರಿನದು, ಮಂಗಳೂರು ಗಣೇಶ್ ಬೀಡಿ ವರ್ಕ್ಸ್. 1974ರಲ್ಲಿ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಭವಿಷ್ಯನಿಧಿಯ ಪ್ರಶ್ನೆ ಆಮೇಲೂ ಉಳಿದಿತ್ತು. 1985ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಕಟ್ಟಿದ ಬೀಡಿಯನ್ನು ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಮಾಲಿಕನಿಗಿರುವಾಗ ಮೇಲ್ವಿಚಾರಣೆ ಇಲ್ಲವೆನ್ನುವುದು ಹೇಗೆ ಎಂದು ನ್ಯಾಯಾಲಯವು ಒಪ್ಪಿ, ಮನೆಯಲ್ಲಿ ಕಟ್ಟುವವರನ್ನೂ ಭವಿಷ್ಯನಿಧಿಯೊಳಗೆ ತಂದಿತು.

ನೋಡಿ, ಎಷ್ಟು ವರ್ಷಗಳ ವ್ಯಾಜ್ಯ! ಕೈಯಲ್ಲಿ ಹಣ ಎಣಿಸಿಕೊಳ್ಳುತ್ತಿದ್ದವಳನ್ನು ಕೂಡ ದುಡಿಯುವವಳೆಂದು ಒಪ್ಪಿಸಲು ದೆಹಲಿಯವರೆಗೆ ಹೋಗಬೇಕಾಯಿತು. ಕಾರಣ ಒಂದೇ, ಆಕೆ ಮನೆಯಲ್ಲಿದ್ದಳು. ಅದೇ ಜಗಲಿ, ಅದೇ ಹೆಂಗಸು, ಅದೇ ಹತ್ತು ಬೆರಳುಗಳು. ಎಲೆ ಸುರುಳಿ ಸುತ್ತಿದಾಗ ಕಾರ್ಮಿಕಳು. ತಡ್ಪೆಯನ್ನು ಬದಿಗಿಟ್ಟು ಒಳಗೆ ಹೋಗಿ ಅಕ್ಕಿ ಅರೆದಾಗ ಏನೂ ಅಲ್ಲ.

ಇದಕ್ಕೆ ಒಂದು ಪ್ರತಿವಾದವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅರ್ಥಶಾಸ್ತ್ರ ಕಲಿಸುವ ನನ್ನ ಸ್ನೇಹಿತರೊಬ್ಬರು ಹೇಳುತ್ತಾರೆ: "ಫಾದರ್, ಎಲ್ಲವನ್ನೂ ಕೆಲಸವೆಂದರೆ ನಿರುದ್ಯೋಗವನ್ನು ಅಳೆಯುವುದು ಹೇಗೆ? ಎಷ್ಟು ಜನರಿಗೆ ಸಂಬಳದ ಕೆಲಸ ಬೇಕು ಎಂದು ಸರಕಾರಕ್ಕೆ ತಿಳಿಯಬೇಡವೇ?" ತಿಳಿಯಬೇಕು. ಅಳೆಯಲಿ. ಉದ್ಯೋಗವನ್ನು ಅಳೆಯುವ ಕೋಲು ಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಉದ್ಯೋಗ ಬೇರೆ, ಕೆಲಸ ಬೇರೆ ಎಂದು ಲೆಕ್ಕಿಗರೇ ಒಪ್ಪಿಕೊಂಡು ಹತ್ತು ವರ್ಷಗಳ ಮೇಲಾಯಿತು. 2013ರ ಅಕ್ಟೋಬರಿನಲ್ಲಿ ಜಿನೀವಾದಲ್ಲಿ ಸೇರಿದ ಕಾರ್ಮಿಕ ಅಂಕಿಅಂಶ ತಜ್ಞರ ಹತ್ತೊಂಬತ್ತನೆಯ ಅಂತರರಾಷ್ಟ್ರೀಯ ಸಮ್ಮೇಳನವು, ಬೇರೆಯವರಿಗಾಗಿಯಾಗಲಿ ತಮ್ಮ ಮನೆಗಾಗಿಯಾಗಲಿ ವಸ್ತುವನ್ನೋ ಸೇವೆಯನ್ನೋ ಒದಗಿಸುವ ಚಟುವಟಿಕೆಯೆಲ್ಲವೂ ಕೆಲಸವೇ, ಕೂಲಿಗೋ ಲಾಭಕ್ಕೋ ಮಾಡಿದ್ದು ಅದರೊಳಗಿನ ಒಂದು ಭಾಗ ಮಾತ್ರ ಎಂದು ನಿರ್ಣಯ ಮಾಡಿತು. ಲೆಕ್ಕಿಗರು ತಮ್ಮ ಪದವನ್ನು ತಿದ್ದಿಕೊಂಡರು. ತಿದ್ದಿಕೊಳ್ಳದವರು ನಾವು. ಕೋಷ್ಟಕದೊಳಗೆ ಇರಬೇಕಾದ ಮಾತನ್ನು ನಾವು ಊಟದ ಮೇಜಿಗೆ ತಂದೆವು, ಮದುವೆಯ ಮಾತುಕತೆಗೆ ತಂದೆವು, ಆಸ್ತಿ ಪಾಲಿನ ಪಂಚಾಯಿತಿಗೆ ತಂದೆವು.

ನಮ್ಮ ಮಾತುಗಳೇ ಬದಲಾದವು, ಗಮನಿಸಿದ್ದೀರಾ? ದುಡಿ ಎಂದರೆ ಮೈಮುರಿದು ಶ್ರಮಿಸು ಎಂದರ್ಥ. ಇಂದು "ಅವನೆಷ್ಟು ದುಡಿಯುತ್ತಾನೆ?" ಎಂದರೆ ಕೇಳುತ್ತಿರುವುದು ಶ್ರಮವನ್ನಲ್ಲ, ಸಂಬಳವನ್ನು. "ಹೆಂಡತಿ ಕೆಲಸಕ್ಕೆ ಹೋಗುತ್ತಾಳೋ?" ಎಂದು ಕೇಳುತ್ತೇವೆ, ಕೆಲಸವೆಂಬುದು ಮನೆಯಿಂದ ಹೊರಗೆ ಬಸ್ಸು ಹತ್ತಿ ಹೋಗಬೇಕಾದ ಯಾವುದೋ ಊರಿನ ಹೆಸರಾಗಿದೆ. ಕೊಂಕಣಿಯಲ್ಲಿ 'ವಾವ್ರ್' ಎಂಬ ಒಂದು ಚಂದದ ಮಾತಿದೆ. ಅದರೊಳಗೆ ಬೆವರಿದೆ, ಸಂಬಳದ ಪ್ರಸ್ತಾಪವಿಲ್ಲ. ದೇವರ ತೋಟದಲ್ಲಿ ಶ್ರಮಿಸುವವರನ್ನು ನಾವು 'ವಾವ್ರಾಡಿ' ಎನ್ನುತ್ತೇವೆ, ಗುರುಗಳನ್ನೂ ಹಾಗೆ ಕರೆಯುತ್ತೇವೆ. ನನ್ನ ತಾಯಿಯನ್ನು ಯಾರೂ ವಾವ್ರಾಡಿ ಎಂದದ್ದನ್ನು ನಾನು ಕೇಳಿಲ್ಲ.

ಪದಗಳಿಂದ ಏನಾಗುತ್ತದೆ, ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿಗೆ ಒಂದು ಹಳೆಯ ವಿಷಯವನ್ನು ನೆನಪಿಸುತ್ತೇನೆ. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಉಡುಪಿ ತಾಲೂಕು ಇನ್ನೂ ದಕ್ಷಿಣ ಕನ್ನಡದಲ್ಲಿತ್ತು. ನಮ್ಮ ಒಕ್ಕಲು ಮನೆಗಳವರು 'ಡಿಕ್ಲರೇಶನ್' ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ಕಾದುನಿಂತ ದಿನಗಳು ಹಿರಿಯರಿಗೆ ನೆನಪಿರಬೇಕು. ಆ ಕಾನೂನು ನಮ್ಮ ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿತು, ಅದಕ್ಕೆ ನಾನು ಕೃತಜ್ಞ. ಆಗಿನ ಘೋಷಣೆ ಉಳುವವನೇ ಹೊಲದೊಡೆಯ. ನಮ್ಮ ಗದ್ದೆಗಳಲ್ಲಿ ಉಳುವವನು ಗಂಡಸು. ಆದರೆ ನೇಜಿ ಕಿತ್ತವರು, ಕೆಸರಿನಲ್ಲಿ ಬೆನ್ನು ಬಾಗಿಸಿ ದಿನವಿಡೀ ನೇಜಿ ನೆಟ್ಟವರು, ಕಳೆ ತೆಗೆದವರು, ಕೊಯ್ದವರು, ಭತ್ತ ಬೇಯಿಸಿ ಒಣಗಿಸಿದವರು ಯಾರು? ಸ್ವಂತ ಸಾಗುವಳಿ ಎಂದರೆ ತನ್ನ ಶ್ರಮ ಅಥವಾ ತನ್ನ ಕುಟುಂಬದವರ ಶ್ರಮ ಎಂದು ಕಾಯಿದೆ ಹೇಳಿತು. ಹೀಗೆ ಆಕೆಯ ಶ್ರಮ ಲೆಕ್ಕಕ್ಕೆ ಬಂತು, ಆದರೆ ಆತನ ಶ್ರಮವಾಗಿ ಬಂತು. ಪಹಣಿಯಲ್ಲಿ ಹೆಸರು ಸಾಮಾನ್ಯವಾಗಿ ಆತನದೇ. ಆತನ ಕಾಲಾನಂತರ ಗಂಡುಮಕ್ಕಳ ಹೆಸರು. ಇಂದು ಆ ಭೂಮಿಯನ್ನು ಸೆಂಟ್ಸ್ ಲೆಕ್ಕದಲ್ಲಿ ಮಾರುವಾಗ ತಾಯಿಯ ಹೆಬ್ಬೆಟ್ಟನ್ನು ಕೇಳುವುದು ಕೊನೆಗೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ. 'ಉಳುವವನು' ಎಂಬ ಒಂದು ಪದದ ಬಾಲದಲ್ಲಿ ಇಷ್ಟೆಲ್ಲ ಇತ್ತು.

ಇನ್ನು ನಾನು ಹೆಚ್ಚು ಸಿಟ್ಟಿನಿಂದ ಎದುರಿಸುವ ವಾದ ಬೇರೊಂದು. ಅದು ಭಕ್ತಿಯ ವೇಷ ತೊಟ್ಟು ಬರುತ್ತದೆ, ಹೆಚ್ಚಾಗಿ ನಮ್ಮಂಥವರ ಪ್ರವಚನಪೀಠದಿಂದಲೇ ಬರುತ್ತದೆ. ತಾಯಿಯ ಪ್ರೀತಿಗೆ ಬೆಲೆ ಕಟ್ಟಬಹುದೇ? ರೂಪಾಯಿಯಲ್ಲಿ ಅಳೆದರೆ ಆ ಪ್ರೀತಿಗೆ ಅವಮಾನವಲ್ಲವೇ? ಕೇಳಲು ಇಂಪಾಗಿದೆ. ಆದರೆ ನಾನೊಬ್ಬ ಗುರು. ನನ್ನ ಸೇವೆಯೂ ಪ್ರೀತಿಯಿಂದಲೇ ಆಗಬೇಕಾದುದು. ಹಾಗೆಂದು ನನ್ನ ಊಟ, ವಸತಿ, ಔಷಧಿ, ಮುಪ್ಪಿನ ವ್ಯವಸ್ಥೆಯನ್ನು ಧರ್ಮಪ್ರಾಂತ್ಯವು ನೋಡಿಕೊಳ್ಳುವುದಿಲ್ಲವೇ? ವೈದ್ಯರೂ ಶಿಕ್ಷಕರೂ ಪ್ರೀತಿಯಿಂದ ದುಡಿಯಬೇಕು ಎನ್ನುತ್ತೇವೆ, ಸಂಬಳದ ದಿನ ಅದನ್ನು ನೆನಪಿಸುವುದಿಲ್ಲ. ಪ್ರೀತಿಯ ಮಾತು ಸಾಲ ತೀರಿಸದಿರಲು ಸಿಗುವ ನೆಪವಾದಾಗ ಅದು ಪ್ರೀತಿಯನ್ನೇ ಅವಮಾನಿಸುತ್ತದೆ.

ಎಷ್ಟು ಸಾಲ? ಸರಕಾರವೇ 2019ರಲ್ಲಿ ಜನರು ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಹತ್ತಿರ ಹತ್ತಿರ ಐದು ಗಂಟೆ, ಅದಕ್ಕೆ ಕೊಡುತ್ತಿದ್ದರು. ತೊಡಗಿದ ಪುರುಷರು 97 ನಿಮಿಷ. ಅಷ್ಟೂ ಇಲ್ಲ, ಏಕೆಂದರೆ ಪುರುಷರಲ್ಲಿ ತೊಡಗಿದವರೇ ನೂರಕ್ಕೆ 26 ಮಂದಿ, ಮಹಿಳೆಯರಲ್ಲಿ 81. ಐದು ಗಂಟೆಗಳೆಂದರೆ ಕೂಲಿಯಾಳಿನ ಅರ್ಧ ದಿನಕ್ಕಿಂತ ಹೆಚ್ಚು. ಭಾನುವಾರದ ರಜೆಯೂ ಇಲ್ಲದೆ.

ಈ ಬೆಲೆ ಕಟ್ಟುವ ಪ್ರಶ್ನೆಯನ್ನು ನ್ಯಾಯಾಲಯಗಳು ಎದುರಿಸಲೇಬೇಕಾಯಿತು, ಏಕೆಂದರೆ ತಾಯಂದಿರು ರಸ್ತೆಯ ಅಪಘಾತದಲ್ಲಿ ಸಾಯುತ್ತಾರೆ. ಸಂಪಾದನೆಯಿಲ್ಲದವಳು ಸತ್ತರೆ ಕುಟುಂಬಕ್ಕಾದ ನಷ್ಟ ಎಷ್ಟು ಎಂದು ವಿಮೆಯವರು ಕೇಳುತ್ತಾರೆ. 2010ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಜಿ. ಎಸ್. ಸಿಂಘ್ವಿ ಮತ್ತು ಎ. ಕೆ. ಗಂಗೂಲಿ ಅವರು ಇಂಥದೊಂದು ಮೊಕದ್ದಮೆಯಲ್ಲಿ ಗೃಹಿಣಿಯ ಸೇವೆಯನ್ನು ಕಡಿಮೆ ಬೆಲೆಗೆ ಅಳೆಯಬಾರದೆಂದು ತೀರ್ಪಿತ್ತರು. 2001ರ ಜನಗಣತಿಯಲ್ಲಿ ಸುಮಾರು 36 ಕೋಟಿ ಮಹಿಳೆಯರು ದುಡಿಯದವರ ಗುಂಪಿನಲ್ಲಿ, ಭಿಕ್ಷುಕರ ಮತ್ತು ಸೆರೆಯಾಳುಗಳ ಸಾಲಿನಲ್ಲಿ ಸೇರಿಹೋದುದನ್ನು ನ್ಯಾಯಮೂರ್ತಿ ಗಂಗೂಲಿಯವರು ಕಟುವಾಗಿಯೇ ಟೀಕಿಸಿದರು. 2021ರ ಜನವರಿಯಲ್ಲಿ ನ್ಯಾಯಮೂರ್ತಿ ಎನ್. ವಿ. ರಮಣ ಅವರೂ ಅದೇ ಹಾದಿಯಲ್ಲಿ ಮಾತನಾಡಿದರು. ಮನೆಯಲ್ಲಿ ಆಕೆ ಇರುವಷ್ಟು ಕಾಲ 'ಏನೂ ಇಲ್ಲ'. ಸತ್ತ ಮೇಲೆ ನ್ಯಾಯಾಲಯದಲ್ಲಿ ಆಕೆಯ ಕೆಲಸಗಳ ಪಟ್ಟಿಯನ್ನು ವಕೀಲರು ಪುಟಗಟ್ಟಲೆ ಓದುತ್ತಾರೆ.

ಮೊದಲು ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯನ್ನು ನಮ್ಮ ರಾಜ್ಯ ಸರಕಾರ 2023ರ ಆಗಸ್ಟ್ 30ರಂದು ಆರಂಭಿಸಿದಾಗ ನಮ್ಮ ಗಂಡಸರು ಆಡಿಕೊಂಡದ್ದನ್ನೂ ಹೇಳಿಬಿಡುತ್ತೇನೆ. ಆ ಯೋಜನೆ ಖಜಾನೆಗೆ ಹಿತವೋ ಅಲ್ಲವೋ, ಅದು ರಾಜಕೀಯದವರ ಚರ್ಚೆ, ನನಗೆ ಬೇಡ. ಅದಕ್ಕಿಟ್ಟ ಹೆಸರು ಮಾತ್ರ ನನ್ನ ಕಿವಿಗೆ ಚುಚ್ಚಿತು: 'ಬಿಟ್ಟಿ'. ಬಿಟ್ಟಿ ಎಂಬುದು ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಪದ. ಅರಸರೂ ಅಧಿಕಾರಿಗಳೂ ಬಡವರಿಂದ ಕೂಲಿ ಕೊಡದೆ ಮಾಡಿಸಿಕೊಳ್ಳುತ್ತಿದ್ದ ಚಾಕರಿಗೆ ಬಿಟ್ಟಿ ಎಂದು ಹೆಸರು. ಎಂಥ ವಿಪರ್ಯಾಸ! ಜೀವನವಿಡೀ ಬಿಟ್ಟಿ ದುಡಿದವಳ ಕೈಗೆ ಎರಡು ಸಾವಿರ ಬಂದೊಡನೆ ಬಿಟ್ಟಿ ಎಂಬ ಬೈಗುಳವೂ ಆಕೆಯ ಪಾಲಿಗೇ ಬಂತು. ಹಾಗೆ ಅಂದವರಲ್ಲಿ ಅದೇ ದಿನ ಆಕೆ ಮಾಡಿಕೊಟ್ಟ ಮೀನುಸಾರು ಉಂಡು ಬಂದವರೂ ಇದ್ದರು.

ಈಗ ನನ್ನ ಸರದಿ. ಗುರುದೀಕ್ಷೆಯಾದ ಹೊಸದರಲ್ಲಿ ನಾನು ಸಹಾಯಕ ಗುರುವಾಗಿದ್ದ ಒಂದು ಧರ್ಮಕೇಂದ್ರದಲ್ಲಿ ಕುಟುಂಬಗಳ ಪುಸ್ತಕವನ್ನು ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಗುರ್ಕಾರರೊಡನೆ ವಾಡೆಯಿಂದ ವಾಡೆಗೆ ನಡೆದು ಮನೆಮನೆಯಲ್ಲಿ ಬರೆದುಕೊಂಡೆ. ಉದ್ಯೋಗದ ಕಾಲಮ್ಮನ್ನು ನಾನೇ ಗೆರೆ ಎಳೆದು ಮಾಡಿದ್ದೆ. ಗಂಡಸರಿಗೆ ಕೃಷಿ, ಹೆಂಚಿನ ಕಾರ್ಖಾನೆ, ಬೊಂಬಾಯಿ, ದುಬೈ. ಹೆಂಗಸರ ಮುಂದೆ ಒಂದು ಅಡ್ಡಗೆರೆ. ಬರೆಯಲು ಬೇಸರವಾದಾಗ ಅಡ್ಡಗೆರೆಯ ಕೆಳಗೆ ಎರಡು ಚುಕ್ಕೆ, ಮೇಲಿನಂತೆಯೇ ಎಂದರ್ಥ. ಪುಟದ ಮೇಲಿನಿಂದ ಕೆಳಗಿನವರೆಗೆ ಆ ಚುಕ್ಕೆಗಳು ಇಳಿದಿದ್ದವು. ಒಂದು ಮನೆಯಲ್ಲಿ ನಾನು ಬರೆಯುತ್ತಿದ್ದಂತೆ ಮನೆಯ ಅಜ್ಜಿ ಮೊಣಕಾಲೂರಿ ಮಲ್ಲಿಗೆಯ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಬೆಳಕು ಹರಿಯುವ ಮುನ್ನ ಗಿಡದಿಂದ ಕಿತ್ತ ಮೊಗ್ಗುಗಳು. ಕಟ್ಟೆಯ ಹೊತ್ತಿಗೆ ಚೆಂಡು, ಅಟ್ಟೆಯ ಲೆಕ್ಕದಲ್ಲಿ ಹೋಗಬೇಕಾದವು. "ನನಗೆಂಥ ಕೆಲಸ, ಪಾದ್ರ್ಯಾಬಾ, ಮನೆಯಲ್ಲಿದ್ದೇನೆ" ಎಂದರು, ಕೈ ನಿಲ್ಲಿಸದೆ. ನಾನು ಎರಡು ಚುಕ್ಕೆ ಇಟ್ಟೆ. ಆ ಮನೆಯ ಎರಡು ಮಕ್ಕಳ ಕಾಲೇಜು ಓದಿಗೆ ಹಣ ಬಂದದ್ದು ಆ ಹೂವಿನಿಂದ ಎಂದು ನನಗೆ ಆಮೇಲೆ ತಿಳಿಯಿತು. ಪುಸ್ತಕವನ್ನು ತಿದ್ದುವ ಮನಸ್ಸು ಆಗಲೂ ಬರಲಿಲ್ಲ.

ಮೇ ತಿಂಗಳ ಮೊದಲ ದಿನ ನಾವು ದುಡಿಮೆಗಾರ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಜಗದ್ಗುರು ಹನ್ನೆರಡನೆಯ ಪಿಯುಸರು 1955ರಲ್ಲಿ ಅದನ್ನು ಸ್ಥಾಪಿಸಿದರು. ಉಳಿ, ಗರಗಸಗಳನ್ನು ಪೀಠದ ಬಳಿ ತಂದಿಟ್ಟು ಆಶೀರ್ವದಿಸುವ ಧರ್ಮಕೇಂದ್ರಗಳಿವೆ, ಸಂತೋಷ. ಅದೇ ನಜರೇತಿನ ಮನೆಯೊಳಗೆ ಬಾವಿಯಿಂದ ನೀರು ಹೊತ್ತವಳು, ಹಿಟ್ಟು ಬೀಸಿದವಳು, ನೂಲು ತೆಗೆದು ನೇಯ್ದವಳು, ಬಡಗಿಗೂ ಬಡಗಿಯ ಮಗನಿಗೂ ಉಣಬಡಿಸಿದವಳು ಒಬ್ಬಳಿದ್ದಳು. ನಮ್ಮ ಸಮೀಕ್ಷೆಯ ಗಣಕರು ಆ ಮನೆಗೆ ಹೋಗಿದ್ದರೆ ಮಾತೆ ಮರಿಯಳಿಗೆ ಸಂಕೇತ 93 ಕೊಟ್ಟು ಬರುತ್ತಿದ್ದರು. ಯೇಸುಸ್ವಾಮಿಗೆ ಆ ಮನೆಗೆಲಸ ಕಾಣಿಸದೇ ಇರಲಿಲ್ಲ. ಹಿಟ್ಟಿನಲ್ಲಿ ಹುಳಿ ಬೆರೆಸಿದ ಹೆಂಗಸನ್ನು ಅವರು ದೇವರ ರಾಜ್ಯಕ್ಕೆ ಹೋಲಿಸಿದರು. ಕಳೆದುಹೋದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸಿದವಳನ್ನು, ಪಾಪಿಯನ್ನು ಹುಡುಕುವ ದೇವರಿಗೇ ಹೋಲಿಸಿದರು. ಕಸಬರಿಕೆ ಹಿಡಿದ ಹೆಂಗಸಿನಲ್ಲಿ ದೇವರ ಹೋಲಿಕೆಯನ್ನು ಕಂಡವರ ಅನುಯಾಯಿಗಳು ನಾವು. ನಮ್ಮ ಇಗರ್ಜಿಯನ್ನು ಶನಿವಾರ ಗುಡಿಸಿ, ಪೀಠಕ್ಕೆ ಹೂವಿಟ್ಟು, ಹಬ್ಬದ ಊಟಕ್ಕೆ ತರಕಾರಿ ಹೆಚ್ಚುವವರ ಹೆಸರು ವಾರ್ಷಿಕ ವರದಿಯಲ್ಲಿ ಬರುತ್ತದೆಯೇ ಎಂದು ಒಮ್ಮೆ ತೆರೆದು ನೋಡಿ. ಗುರುಗಳ ಮನೆಯಲ್ಲಿ ಅಡುಗೆ ಮಾಡುವವರಿಗೆ ಕನಿಷ್ಠ ವೇತನ ಸಿಗುತ್ತಿದೆಯೇ ಎಂಬುದನ್ನೂ ನೋಡಿ; ಆ ಪ್ರಶ್ನೆಯನ್ನು ನನ್ನಲ್ಲಿಯೂ ಕೇಳಿ.

2017-18ರಲ್ಲಿ ಹದಿನೈದು ದಾಟಿದ ಮಹಿಳೆಯರಲ್ಲಿ ನೂರಕ್ಕೆ 23.3ರಷ್ಟಿದ್ದ ಶ್ರಮಶಕ್ತಿಯ ಪಾಲು 2023-24ರಲ್ಲಿ 41.7ಕ್ಕೆ ಏರಿತೆಂದು ಪತ್ರಿಕೆಗಳು ಬರೆದವು. ಮಹಿಳೆಯರು ದುಡಿಯುವ ಪಡೆಗೆ ಸೇರುತ್ತಿದ್ದಾರೆಂದು ಸಂತೋಷಪಟ್ಟವು. ಏರಿಕೆಯಲ್ಲಿ ದೊಡ್ಡ ಪಾಲು ಸ್ವಂತ ದುಡಿಮೆಯವರದು, ಮನೆಯ ಹೊಲದಲ್ಲೋ ವ್ಯಾಪಾರದಲ್ಲೋ ಸಂಬಳವಿಲ್ಲದೆ ನೆರವಾಗುವವರೂ ಅದರಲ್ಲಿ ಸೇರಿದ್ದಾರೆ. ಸೇರುತ್ತಿದ್ದಾರಂತೆ! ಅದಕ್ಕೆ ಮುಂಚೆ ಅವರು ಎಲ್ಲಿದ್ದರು, ಮಲಗಿದ್ದರೇ?

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಕೇಂದ್ರ ಸರಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಗಣಕರು ನಿಮ್ಮ ಜಗಲಿಗೆ ಬಂದಾಗ ಉತ್ತರ ಕೊಡುವವರು ಹೆಚ್ಚಾಗಿ ಗಂಡಸರು. "ಹೆಂಡತಿಗೆ ಕೆಲಸವಿಲ್ಲ, ಮನೆಯಲ್ಲೇ" ಎಂದು ನಾಲಿಗೆ ತಾನಾಗಿಯೇ ಹೇಳಿಬಿಡುತ್ತದೆ. ದಯವಿಟ್ಟು ಆ ನಾಲಿಗೆಯನ್ನು ಸ್ವಲ್ಪ ತಡೆಯಿರಿ. ಆಕೆ ಮಲ್ಲಿಗೆ ಕಟ್ಟುತ್ತಾಳೋ, ಬೀಡಿ ಕಟ್ಟುತ್ತಾಳೋ, ದನ ಸಾಕುತ್ತಾಳೋ, ಕೋಳಿ ಸಾಕುತ್ತಾಳೋ, ಗದ್ದೆಗಿಳಿಯುತ್ತಾಳೋ, ನಿಮ್ಮ ಅಂಗಡಿಯಲ್ಲಿ ಸಂಜೆ ಗಲ್ಲದ ಮುಂದೆ ಕೂರುತ್ತಾಳೋ, ಅದನ್ನು ವರ್ಷದಲ್ಲಿ ಎಷ್ಟು ತಿಂಗಳು ಮಾಡುತ್ತಾಳೋ ಎಲ್ಲವನ್ನೂ ಹೇಳಿ. ಅಥವಾ ಆಕೆಯನ್ನೇ ಕರೆದು ಹೇಳಲು ಬಿಡಿ. ಅಡುಗೆಮನೆಯ ಕೆಲಸಕ್ಕೆ ಅವರ ಹಾಳೆಯಲ್ಲಿ ಜಾಗವಿಲ್ಲದಿರಬಹುದು. ನಮ್ಮ ಧರ್ಮಕೇಂದ್ರಗಳ ಹಾಳೆಯಲ್ಲಿ ಜಾಗ ಮಾಡಲು ಯಾವ ಸಂಸತ್ತಿನ ಅಪ್ಪಣೆಯೂ ಬೇಕಾಗಿಲ್ಲ. ಕುಟುಂಬ ಪುಸ್ತಕದಲ್ಲಿ, ಮದುವೆಯ ಅರ್ಜಿಯಲ್ಲಿ, ಮೊದಲ ಪರಮಪ್ರಸಾದದ ಮಕ್ಕಳ ಫಾರ್ಮಿನಲ್ಲಿ 'ಉದ್ಯೋಗ' ಎಂದಿರುವಲ್ಲಿ 'ಮಾಡುವ ಕೆಲಸ' ಎಂದು ಅಚ್ಚು ಹಾಕಿಸಲು ಮುದ್ರಣಾಲಯದವರು ಹೆಚ್ಚು ಹಣ ಕೇಳುವುದಿಲ್ಲ.

ಕೆಮ್ಮಣ್ಣಿನ ಆ ಸಂಜೆ ನಾನು ಹುಡುಗಿಗೆ ಅರ್ಜಿಯನ್ನು ಸ್ವಲ್ಪ ಬದಿಗಿಡಲು ಹೇಳಿದೆ. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಅದರ ಬೆನ್ನಿನ ಮೇಲೆ, ಮಮ್ಮಿ ಬೆಳಗ್ಗೆ ಎದ್ದಾಗಿನಿಂದ ಏನೇನು ಮಾಡಿದರೆಂದು ಅವರನ್ನೇ ಕೇಳಿ ಬರೆಯಲು ಹೇಳಿದೆ. ತಾಯಿಗೆ ನಗು. "ಇದನ್ನೆಲ್ಲ ಯಾರಾದರೂ ಬರೆಯುತ್ತಾರೆಯೇ, ಫಾದರ್?" ಎಂದರು. ಆದರೂ ಕಟ್ಟಿಗೆಯ ಕೊನೆಯ ಹೊರೆಯನ್ನು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕುಳಿತು ಹೇಳತೊಡಗಿದರು. ನಾಲ್ಕು ಮುಕ್ಕಾಲಕ್ಕೆ ಒಲೆ, ನೀರು, ಅತ್ತೆಯವರ ಮಾತ್ರೆ, ದನದ ಹಿಂಡಿ, ಹಾಲು, ಡಿಪೋ, ದೋಸೆ, ಬುತ್ತಿ, ಕುವೈತಿಗೆ ಫೋನು, ಕರೆಂಟ್ ಬಿಲ್ಲು. ಹಾಳೆಯ ಒಂದು ಮಗ್ಗುಲು ತುಂಬಿದಾಗ ಅವರ ದಿನದಲ್ಲಿ ಇನ್ನೂ ಬೆಳಗಿನ ಹತ್ತು ಗಂಟೆ. ಹುಡುಗಿ ಇನ್ನೊಂದು ಹಾಳೆಗಾಗಿ ಎದ್ದಳು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ, ಕತ್ತಲಾಯಿತು, ತೆರ್ಸಿಗೆ ದೀಪ ಹಚ್ಚಬೇಕೆಂದು ಕರೆದರು. ತಾಯಿ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಒಳಗೆ ಹೋದರು.